ಹದಿನೇಳನೇ ಬುಡ ಮತ್ತು ಎಡ್ನಾರ ಮೇಜುಬಟ್ಟೆ

ರಾಜಾನುಕುಂಟೆ

ವಿದೇಶಕ್ಕೆ ಹೋಗಿಬಂದವರು ಜಲಪಾತ, ಗೋಪುರ, ಮ್ಯೂಸಿಯಂಗಳ ಬಗ್ಗೆ ಬರೆಯುತ್ತಾರೆ. ನಾನು ನೋಡಿಬಂದದ್ದು ಹುಲ್ಲು. ಆಸ್ಟ್ರೇಲಿಯಾದಲ್ಲಿ ಮೂರು ತಿಂಗಳಿದ್ದೂ ಒಂದು ಕಾಂಗರೂವನ್ನು ನೆಟ್ಟಗೆ ನೋಡಲಿಲ್ಲ ಎಂದರೆ ಈಗಲೂ ಯಾರೂ ನಂಬುವುದಿಲ್ಲ. ಕಣ್ಣಿಗೆ ಬಿದ್ದ ಒಂದೆರಡು ಮೇಯುತ್ತಿದ್ದವು; ನಾನು ಅವು ಯಾವ ಹುಲ್ಲು ಮೇಯುತ್ತಿವೆ ಎಂದು ನೋಡುತ್ತ ನಿಂತೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೆಬ್ಬಾಳ ದಾಟಿ ಯಲಹಂಕಕ್ಕೆ ಹೋಗುವ ರಸ್ತೆಯ ಪಕ್ಕದ ಒಂದು ಮೇವಿನ ಫಾರಂನಲ್ಲಿ ನಾನು ಕಿರಿಯ ವಿಜ್ಞಾನಿಯಾಗಿದ್ದೆ. ನಮ್ಮ ಊರು ಯಲಹಂಕದಾಚೆಯ ರಾಜಾನುಕುಂಟೆ. ಬೆಳಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ವಾಪಸ್ಸು. ನಾನು ಆಸ್ಟ್ರೇಲಿಯಾಕ್ಕೆ ಹೋಗುವ ವಿಷಯ ತಿಳಿದಾಗ ಅವ್ವ ಒರಳುಕಲ್ಲಿನ ಮುಂದೆ ಕೂತಿದ್ದಳು. ರುಬ್ಬುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಉಲ್ಲು ನೋಡಾಕೆ ಏರೋಪ್ಲೇನಾಗೆ ಓಯ್ತೀಯೇನ್ಲಾ? ನಮ್ ಕೆರೆ ಏರಿ ಮ್ಯಾಗೆ ಬೇಕಾದಷ್ಟು ಬಿದ್ದೈತಲ್ಲೋ! ಅಲ್ಲೇನ್ ಉಲ್ಲು ಚಿನ್ನದ್ದಾ?"

ಅವ್ವನಿಗೆ ಹೇಳಿದ್ದನ್ನೇ ಇಲ್ಲೂ ಹೇಳಿಬಿಡುತ್ತೇನೆ. ಗಿನಿ ಹುಲ್ಲನ್ನು ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕೊಯ್ಯುತ್ತಿರಬಹುದು. ಕೊಯ್ದಷ್ಟೂ ಬುಡದಿಂದ ಹೊಸ ತೆಂಡೆ ಒಡೆಯುತ್ತದೆ. ಹಸುವಿಗೆ ಪ್ರಾಣ. ಇಷ್ಟೆಲ್ಲ ಗುಣವಿರುವ ಈ ಹುಲ್ಲಿಗೆ ಒಂದೇ ಒಂದು ಕೆಟ್ಟ ಚಾಳಿ: ಬೀಜವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ತೆನೆಯ ತುದಿಯ ಕಾಳು ಮಾಗಿ ಉದುರುವಾಗ ಕೆಳಗಿನ ಕಾಳಿಗೆ ಇನ್ನೂ ಹಾಲು ತುಂಬುತ್ತಿರುತ್ತದೆ. ಕೊಯ್ಯಲು ಹೋದರೆ ಅರ್ಧ ನೆಲಕ್ಕೆ, ಅರ್ಧ ಜೊಳ್ಳು. ಹಾಗಾಗಿ ಬೀಜದ ಬದಲು ಬೇರುಸಹಿತ ಕಿತ್ತ ಕಡ್ಡಿಗಳನ್ನು ರೈತರಿಗೆ ಕೊಡುತ್ತಿದ್ದೆವು. ಒಂದೆಕರೆಗೆ ಗಾಡಿ ತುಂಬ ಕಡ್ಡಿ ಬೇಕು. ಬೀಜವಾದರೆ ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಬಸ್ಸು ಹತ್ತಬಹುದು.

ಬೀಜ ಉದುರಿಸದ ಬುಡವೊಂದು ಸಿಕ್ಕರೆ ಅದರಿಂದ ಹೊಸ ತಳಿಯನ್ನೇ ಮಾಡಬಹುದು. ಅದಕ್ಕಾಗಿ ನಾನು ಅರವತ್ತು ಬುಡಗಳನ್ನು ನೆಟ್ಟಿದ್ದೆ. ಪ್ರತಿ ಬುಡದ ಕೆಳಗೆ ಬೆಳಗ್ಗೆ ಹಳೇ ಪಂಚೆ ಹಾಸುವುದು, ಸಂಜೆ ಅದರ ಮೇಲೆ ಬಿದ್ದ ಬೀಜವನ್ನು ಗುಡಿಸಿ ಅಳೆಯುವುದು. ತಕ್ಕಡಿ ಆಫೀಸಿನ ಬೀರುವಿನಲ್ಲಿತ್ತು, ಬೀರುವಿನ ಬೀಗದ ಕೈ ರಜೆಯ ಮೇಲಿದ್ದ ಗುಮಾಸ್ತರ ಹತ್ತಿರವಿತ್ತು. ಹಾಗಾಗಿ ಬೆಂಕಿಪೊಟ್ಟಣದಲ್ಲಿ ಅಳೆದೆವು. ಒಂದು ಹಂಗಾಮಿಗೆ ಬೇರೆ ದೊಡ್ಡ ಬುಡಗಳು ಏಳು, ಎಂಟು ಪೊಟ್ಟಣ ಉದುರಿಸಿದರೆ ಹದಿನೇಳನೇ ಬುಡ ಅರ್ಧ ಪೊಟ್ಟಣವನ್ನೂ ಉದುರಿಸಲಿಲ್ಲ. ನೋಡಲೂ ಅದು ರಾಜನಂತಿತ್ತು. ಆಳೆತ್ತರ, ಅಗಲ ಎಲೆ, ಇಬ್ಬರು ಕೈ ಹಿಡಿದು ತಬ್ಬುವಷ್ಟು ಗಾತ್ರ.

"ಅದ್ನ ಬಿಡಿ ಸಾರ್, ಅದು ಹೀರೋ," ಎನ್ನುತ್ತಿದ್ದ ಬಶೀರ್. ಅವನು ನನ್ನ ಫೀಲ್ಡ್ ಅಸಿಸ್ಟೆಂಟ್. ಫಾರಂನ ಅಂಚಿನಲ್ಲೇ ಅವನ ಕ್ವಾರ್ಟರ್ಸು, ಅದರ ಬೇಲಿಯ ಪಕ್ಕದಲ್ಲೇ ಹದಿನೇಳು. ಬೆಳಗಿನ ಕೆಲಸ ಮುಗಿಸಿದರೆ ಅವನ ಹೆಂಡತಿ ಜುಬೇದಾ ಬಾಗಿಲ ಪರದೆಯ ಹಿಂದಿನಿಂದ ಚಹಾ ಮತ್ತು ಆಮ್ಲೆಟ್ಟು ಕಳಿಸುತ್ತಿದ್ದರು. ಆ ರುಚಿಯ ಆಮ್ಲೆಟ್ಟನ್ನು ನಾನು ಬೇರೆಲ್ಲೂ ತಿಂದಿಲ್ಲ.

ಹದಿನೇಳರ ಬಲದಿಂದಲೇ ನನಗೆ ಆಸ್ಟ್ರೇಲಿಯಾದ ತರಬೇತಿ ಸಿಕ್ಕಿತು. ಕೊನೆಯ ದಿನ ಅಲ್ಲಿನವರ ಮುಂದೆ ಆ ಬುಡದ ಬಗ್ಗೆ ನಾನೊಂದು ಭಾಷಣ ಮಾಡಬೇಕಿತ್ತು. ಅವರು ತಲೆದೂಗಿದರೆ ಹದಿನೇಳು ತಳಿಯಾಗಿ ಹೊರಬರುತ್ತದೆ, ನನಗೆ ಬಡ್ತಿ ಸಿಗುತ್ತದೆ ಎಂದು ನಮ್ಮ ಡೈರೆಕ್ಟರು ಬಾಯಿ ಬಿಟ್ಟು ಹೇಳಿದ್ದರು. ನಾನಂತೂ ಮನಸ್ಸಿನಲ್ಲೇ ಬಡ್ತಿಯ ಸಿಹಿ ಹಂಚಿಯಾಗಿತ್ತು.

ಬ್ರಿಸ್ಬೇನ್

ಪರದೇಶದಲ್ಲಿ ನನ್ನ ಮೊದಲ ಮಾತುಕತೆ ನಡೆದದ್ದು ನನ್ನ ಬೂಟಿನ ಬಗ್ಗೆ. ವಿಮಾನ ನಿಲ್ದಾಣದಲ್ಲಿ ಬಿಳಿ ಚಡ್ಡಿ, ಮೊಣಕಾಲುದ್ದ ಕಾಲುಚೀಲ ತೊಟ್ಟ ಅಧಿಕಾರಿಯೊಬ್ಬ ಅದನ್ನು ಬಿಚ್ಚಿಸಿ, ತಿರುಗಿಸಿ, ಹಿಮ್ಮಡಿಗೆ ಅಂಟಿದ್ದ ಹೆಬ್ಬಾಳದ ಕೆಂಪು ಮಣ್ಣನ್ನು ಹಾವು ಕಂಡವನಂತೆ ನೋಡಿದ. ಅವರ ನೆಲಕ್ಕೆ ಹೊರಗಿನ ಮಣ್ಣು, ಬೀಜ, ಕಾಳು ಏನೂ ಬರಕೂಡದು. ಅವ್ವ ಕಟ್ಟಿಕೊಟ್ಟಿದ್ದ ಎಳ್ಳುಂಡೆ, ಹುರಿಗಾಳು, ಹುಚ್ಚೆಳ್ಳಿನ ಚಟ್ನಿಪುಡಿ ಒಂದೊಂದಾಗಿ ಕಸದ ಡಬ್ಬಿ ಸೇರಿದವು. ಪ್ರತಿಯೊಂದಕ್ಕೂ ಆತ "ಕ್ಷಮಿಸಿ" ಎನ್ನುತ್ತಿದ್ದ. ನಮ್ಮಲ್ಲಿ ಕಿತ್ತುಕೊಳ್ಳುವವರು ಗದರುತ್ತಾರೆ, ಇವನು ಕ್ಷಮೆ ಕೇಳುತ್ತ ಕಿತ್ತುಕೊಂಡ. ನನಗೆ ಸಿಟ್ಟು ಮಾಡಿಕೊಳ್ಳಲೂ ಅವಕಾಶ ಸಿಗಲಿಲ್ಲ.

ಕೊನೆಗೆ ಅವನ ಕೈಗೆ ಖಾಲಿ ಬೆಂಕಿಪೊಟ್ಟಣ ಸಿಕ್ಕಿತು.

"ಸಿಗರೇಟು ಸೇದ್ತೀರಾ?"

"ಇಲ್ಲ. ಅದು ಅಳತೆ."

"ಏನನ್ನ ಅಳೆಯೋಕೆ?"

"ಬೀಜ."

ಆ ಒಂದು ಮಾತು ಆಡಬಾರದಿತ್ತು. ಪೊಟ್ಟಣದ ಮೂಲೆಯಲ್ಲಿ ಎರಡು ಗಿನಿ ಬೀಜ ಅಂಟಿಕೊಂಡಿದ್ದವು. ಆತ ಚಿಮಟ ತಂದು ಅವನ್ನು ಎತ್ತಿ, ಲಕೋಟೆಗೆ ಹಾಕಿ, ಮೇಲೆ ನನ್ನ ಹೆಸರು ಬರೆದು ಸುಡಲು ಕಳಿಸಿದ. ಅರ್ಧ ಗಂಟೆಯ ನಂತರ ಬೂಟು ವಾಪಸ್ಸು ಬಂತು. ಅದನ್ನು ತೊಳೆದು, ಉಜ್ಜಿ, ಒಣಗಿಸಿದ್ದರು. ಕೊಂಡ ದಿನವೂ ಅದು ಅಷ್ಟು ಹೊಳೆದಿರಲಿಲ್ಲ.

ಹೆಸರಿಲ್ಲದ ಊರು

ಊರಿಗೆ ಹೆಸರಿದೆ, ಹೇಳಿದರೂ ನಕಾಶೆಯಲ್ಲಿ ಸಿಗುವುದಿಲ್ಲ. ಬೆಳಗ್ಗೆ ಬಸ್ಸು ಹತ್ತಿದವನು ಸಂಜೆ ಇಳಿದೆ. ದಾರಿಯುದ್ದಕ್ಕೂ ಮನುಷ್ಯರಿಗಿಂತ ದನಗಳೇ ಹೆಚ್ಚು ಕಂಡವು.

ಅಲ್ಲಿನವರ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಎದುರಿಗೆ ಯಾವ ವಾಹನ ಬಂದರೂ ಸ್ಟೇರಿಂಗ್ ಮೇಲಿನ ಕೈಯಿಂದ ಒಂದೇ ಬೆರಳು ಎತ್ತುತ್ತಾರೆ. ಅದೇ ನಮಸ್ಕಾರ, ಅದೇ ಕ್ಷೇಮ ಸಮಾಚಾರ. ಯಶವಂತಪುರದಲ್ಲಿ ಹೀಗೆ ಎದುರು ಬಂದವರಿಗೆಲ್ಲ ಬೆರಳೆತ್ತುತ್ತ ಹೋದರೆ ಸರ್ಕಲ್ ತಲುಪುವಷ್ಟರಲ್ಲಿ ಜಗಳವಾಗುತ್ತದೆ.

ಇನ್ನೊಂದು ಪದ್ಧತಿ ಕಂಡು ಹೊಟ್ಟೆ ಉರಿದುಹೋಯಿತು. ಶನಿವಾರ ಬಂತೆಂದರೆ ಮನೆಮನೆಯಲ್ಲೂ ಯಂತ್ರ ತಳ್ಳಿಕೊಂಡು ಅಂಗಳದ ಹುಲ್ಲು ಕತ್ತರಿಸುತ್ತಾರೆ. ಕತ್ತರಿಸಿದ ಹುಲ್ಲನ್ನು ಚೀಲಕ್ಕೆ ತುಂಬಿ ಕಸಕ್ಕೆ ಎಸೆಯುತ್ತಾರೆ! ನಮ್ಮ ಕಡೆ ಹೆಂಗಸರು ಕುಡುಗೋಲು ಹಿಡಿದು ರಸ್ತೆ ಬದಿಯ ಒಂದೊಂದು ಹಿಡಿ ಹುಲ್ಲಿಗೂ ಪೈಪೋಟಿ ನಡೆಸುತ್ತಾರೆ. ಮೊದಲ ಶನಿವಾರ ತಡೆಯಲಾರದೆ ಪಕ್ಕದ ಮನೆಯವನನ್ನು ಕೇಳಿಯೇಬಿಟ್ಟೆ.

"ಇದನ್ನ ಎಸೀತೀರಲ್ಲ, ಹಸುಗೆ ಹಾಕಬಾರದಾ?"

"ನನ್ನ ಹತ್ರ ಹಸು ಇಲ್ವಲ್ಲ."

"ಹಸು ಇಲ್ಲದೇ ಹುಲ್ಲು ಯಾಕೆ ಬೆಳೆಸ್ತೀರಿ?"

ಆತ ಯಂತ್ರ ಆರಿಸಿ, ತುಂಬಿದ ಚೀಲವನ್ನು ಬೇಲಿಯ ಮೇಲಿಂದ ನನ್ನ ಕೈಗೇ ಕೊಟ್ಟ.

ನಾನು ಉಳಿದುಕೊಂಡದ್ದು ಎಡ್ನಾ ಎಂಬ ವಿಧವೆಯ ಮನೆಯಲ್ಲಿ. ಎಪ್ಪತ್ತರ ಹತ್ತಿರದ, ಬಿರುಸು ಮಾತಿನ ಹೆಂಗಸು. ಮೊದಲ ದಿನವೇ ಹದಿನೇಳರ ಫೋಟೋ ತೆಗೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ನಿಮ್ಮ ಹೆಂಡತಿ ಫೋಟೋ ಇಲ್ವಾ?" ಎಂದರು. ಅದನ್ನು ತರಲು ಮರೆತಿದ್ದೆ. ಈ ವಿಷಯ ನನ್ನ ಹೆಂಡತಿಗೆ ಇದುವರೆಗೂ ಹೇಳಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ.

ಅಂಗಡಿ

ನನ್ನ ತರಬೇತಿ ನಡೆದ ಹುಲ್ಲಿನ ಕೇಂದ್ರದ ಮುಖ್ಯಸ್ಥರು ಕಾಲಿನ್. ಬಿಸಿಲಿಗೆ ಸುಟ್ಟು ಕೆಂಪಾದ ಮುಖ, ಸದಾ ಮಾಸಿದ ಟೊಪ್ಪಿ. ಅವರ ಕಷ್ಟವೂ ನಮ್ಮದೇ. ಲಾರಿಯಷ್ಟು ದೊಡ್ಡ ಕಟಾವು ಯಂತ್ರವಿದೆ, ಆದರೆ ಅದು ಹೊಲಕ್ಕೆ ಇಳಿಯುವ ಹೊತ್ತಿಗೆ ಬೀಜದ ಬಹುಪಾಲು ನೆಲ ಸೇರಿರುತ್ತದೆ. ನಮ್ಮ ಬಡತನದಿಂದಲೇ ಬೀಜ ಉದುರುತ್ತದೆ ಎಂದು ಅದುವರೆಗೂ ನಂಬಿದ್ದವನಿಗೆ ಇದನ್ನು ನೋಡಿ ವಿಚಿತ್ರ ಸಮಾಧಾನವಾಯಿತು.

ಅವರು ನೆಲಕ್ಕೆ ಬಟ್ಟೆ ಹಾಸುತ್ತಿರಲಿಲ್ಲ. ಹೆಂಗಸರು ತೊಡುವ ತೆಳು ನೈಲಾನ್ ಕಾಲುಚೀಲವನ್ನು ತೆನೆಗೆ ತೊಡಿಸಿ ಕೆಳಗೆ ದಾರ ಕಟ್ಟುತ್ತಿದ್ದರು. ಉದುರಿದ್ದೆಲ್ಲ ಅದರೊಳಗೇ. ಮೊದಲ ವಾರವೇ ಕಾಲಿನ್ ನನ್ನನ್ನು ಅಂಗಡಿಗೆ ಅಟ್ಟಿದರು. ಎರಡು ಡಜನ್ ಬೇಕಿತ್ತು. ನಮ್ಮೂರಲ್ಲಿ ಹೆಂಡತಿಗೆ ಒಂದು ಲಂಗ ತರಲೂ ಅವ್ವನನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುತ್ತಿದ್ದವನು ನಾನು. ಎರಡು ಸಲ ಬಾಗಿಲ ತನಕ ಹೋಗಿ ವಾಪಸ್ಸು ಬಂದೆ. ಮೂರನೇ ಸಲ ಒಳಗೆ ನುಗ್ಗಿ, ಗೋಡೆ ನೋಡಿಕೊಂಡು ಕೇಳಿದೆ.

"ಯಾವ ಸೈಜು?" ಅಂಗಡಿಯಾಕೆ ಕೇಳಿದಳು.

"ಹುಲ್ಲಿಗೆ."

"ಓ, ಹಾಗಾದ್ರೆ ಉದ್ದನೇದು. ಕಂದು ಬಣ್ಣ ತಗೊಳ್ಳಿ, ಕರೀದು ಬಿಸಿಲಿಗೆ ಬೇಯುತ್ತೆ."

ಊರಿಗೆಲ್ಲ ಗೊತ್ತಿದ್ದ ವಿಷಯಕ್ಕೆ ನಾನೊಬ್ಬ ಬೆವರಿದ್ದೆ. ಮರುದಿನ ಹೊಲದಲ್ಲಿ ತೆನೆಗಳೆಲ್ಲ ಕಾಲುಚೀಲ ತೊಟ್ಟು ಗಾಳಿಗೆ ಒದೆಯುತ್ತ ನಿಂತಿದ್ದವು. ಅವ್ವ ನೋಡಿದ್ದರೆ ದೃಷ್ಟಿ ತೆಗೆಯುತ್ತಿದ್ದಳು.

"ಇಷ್ಟೆಲ್ಲ ಯಾಕೆ? ನಾವು ಪಂಚೆ ಹಾಸ್ತೀವಿ, ಸಾಕು," ಎಂದು ನಾನು ಕಾಲಿನ್‌ಗೆ ಜಂಬದಿಂದ ಹೇಳಿದೆ. ಅವರು ನಕ್ಕು ಮುಂದಿನ ತೆನೆಗೆ ಕಾಲುಚೀಲ ತೊಡಿಸಿದರು. ಅಷ್ಟರಲ್ಲಿ ಅವರೆಲ್ಲ ನನ್ನನ್ನು ಹೆಸರು ಬಿಟ್ಟು "ಹದಿನೇಳು" ಎಂದೇ ಕರೆಯುತ್ತಿದ್ದರು. ನನಗೆ ಒಳಗೊಳಗೇ ಖುಷಿ.

ಎಡ್ನಾರ ಹಿತ್ತಲು

ಏಳನೇ ವಾರದ ಒಂದು ಭಾನುವಾರ. ಮಧ್ಯಾಹ್ನದ ಊಟವಾಯಿತು. ಎಡ್ನಾ ಊಟದ ಮೇಜನ್ನು ಒರೆಸುವವರಲ್ಲ. ತಟ್ಟೆಗಳನ್ನೆಲ್ಲ ಎತ್ತಿ, ಮೇಜುಬಟ್ಟೆಯ ನಾಲ್ಕು ಮೂಲೆ ಹಿಡಿದು ಗಂಟಿನಂತೆ ಮಾಡಿ ಹಿತ್ತಲಿಗೆ ಒಯ್ದು ಹುಲ್ಲಿನ ಮೇಲೆ ಹರಡಿ ಬರುತ್ತಿದ್ದರು. ಯಾವತ್ತೂ ನಾನು ಅವರ ಹಿಂದೆ ಹೋಗಿರಲಿಲ್ಲ. ಅವತ್ತು ಹೋದೆ.

ಮೂಲೆಯ ಗೂಡಿನಿಂದ ಆರು ಕೋಳಿ ಓಡಿಬಂದವು. ಟಕ್ ಟಕ್ ಟಕ್ ಎಂದು ಐದು ನಿಮಿಷ. ಬ್ರೆಡ್ಡಿನ ಪುಡಿ, ನನಗೆಂದು ಮಾಡಿದ್ದ ಅನ್ನದ ಅಗುಳು, ಜೀರಿಗೆಯ ಕಾಳು, ಒಂದೂ ಉಳಿಯಲಿಲ್ಲ. ಎಡ್ನಾ ಬಟ್ಟೆ ಎತ್ತಿ ಒಮ್ಮೆ ಒದರಿ ಮಡಿಸಿದರು.

"ಅಂಗೈ ಹಾಕಿ ನೋಡಿ. ಒಂದು ಕಣ ಸಿಕ್ಕರೆ ನಾಳೆ ನಿಮಗೆ ಊಟ ಪುಕ್ಕಟೆ."

ನಾನು ಅಂಗೈ ಹಾಕಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನೆಲದ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಕಾಳು, ಪಕ್ಕದಲ್ಲಿ ಬಶೀರನ ಮನೆ. ಜುಬೇದಾ ಕೋಳಿ ಸಾಕಿದ್ದರು. ನಾನು ಬೆಳಗ್ಗೆ ಪಂಚೆ ಹಾಸಿ ಆಫೀಸಿಗೆ ಹೋದರೆ ಸಂಜೆಯೇ ಬರುತ್ತಿದ್ದೆ. ನಡುವೆ ಅಲ್ಲಿ ಏನು ನಡೆಯುತ್ತದೆಂದು ಒಂದು ದಿನವೂ ನೋಡಿದವನಲ್ಲ. ಬಟ್ಟೆಯ ಮೇಲೆ ಇಲ್ಲ ಎಂದರೆ ಬೀಜ ತೆನೆಯಲ್ಲೇ ಇದೆ ಎಂದು ಲೆಕ್ಕ ಹಾಕಿದ್ದೆ. ತೆನೆ ಕೊಯ್ದು, ಬಡಿದು ನೋಡಿರಲಿಲ್ಲ. ಅಂಥ ಚೆಂದದ ಬುಡಕ್ಕೆ ಕತ್ತಿ ಹಾಕಲು ಮನಸ್ಸು ಬಂದಿರಲಿಲ್ಲ. ಹೊಸ ತೆನೆಗಳು ಬರುತ್ತಲೇ ಇದ್ದುದರಿಂದ ಅದು ಸದಾ ತುಂಬಿದಂತೆಯೇ ಕಾಣುತ್ತಿತ್ತು. ಇಡೀ ಹೊಲದಲ್ಲಿ ತಂಪಾದ ನೆರಳು ಇದ್ದದ್ದೂ ಅದರ ಕೆಳಗೇ. ಕೋಳಿಗಳು ಬೇರೆ ಎಲ್ಲಿಗೆ ಹೋಗುತ್ತವೆ?

ಅಷ್ಟು ದಿನ ನಾನು ತಿಂದ ಆಮ್ಲೆಟ್ಟು ನನ್ನ ಸಂಶೋಧನೆಯದ್ದೇ ಇರಬಹುದು.

"ಯಾಕ್ರೀ, ಊಟ ಸೇರಲಿಲ್ವಾ?" ಎಡ್ನಾ ಕೇಳಿದರು. ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ. ಒಳಗೆ ಹೋಗಿ ಒಂದು ಏರ್‌ಮೇಲ್ ಕಾಗದ ತಂದು ಮುಂದಿಟ್ಟರು. "ಸುಮ್ಮನೆ ಕೊರಗಬೇಡಿ. ಬರೆದು ಕೇಳಿ."

ಕಾಗದ

ಉತ್ತರ ಬಂದದ್ದು ಭಾಷಣದ ಹಿಂದಿನ ದಿನ ಮಧ್ಯಾಹ್ನ. ಬಶೀರನ ದುಂಡು ಕನ್ನಡ ಅಕ್ಷರ.

"ಸಾರ್, ತಮ್ಮ ಕಾಗದ ತಲುಪಿತು. ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ. ನಾವು ಮಧ್ಯಾಹ್ನ ಊಟಕ್ಕೆ ಕೂರುವಾಗ ಜುಬೇದಾ ಕೋಳಿ ಬಿಡುತ್ತಿದ್ದಳು. ಅವು ಬೇಲಿ ಸಂದಿಯಿಂದ ಹೋಗಿ ಹದಿನೇಳರ ಕೆಳಗೆ ಕೂರುತ್ತಿದ್ದವು. ನೆರಳಿಗೆ ಕೂತಿವೆ ಎಂದುಕೊಂಡಿದ್ದೆವು. ಈಗ ಹತ್ತು ದಿನ ಗೂಡಿನಲ್ಲೇ ಇಟ್ಟು ನೋಡಿದೆ. ಬಟ್ಟೆ ಮೇಲೆ ಮೂರು ಪೊಟ್ಟಣ ತುಂಬಿತು ಸಾರ್. ಜುಬೇದಾ ಎರಡು ದಿನ ಊಟ ಬಿಟ್ಟಳು. ನಿನ್ನೆ ಕೋಳಿಗಳನ್ನೆಲ್ಲ ಅಮೃತಹಳ್ಳಿಯಲ್ಲಿರುವ ಅಕ್ಕನ ಮನೆಗೆ ಕೊಟ್ಟುಬಂದಳು. ನಮ್ಮಿಂದ ಸಾಹೇಬರ ಹೆಸರು ಹೋಯಿತು ಎನ್ನುತ್ತಾಳೆ. ಮಾಫ್ ಮಾಡಬೇಕು."

ಕೋಳಿ ಕೊಟ್ಟುಬಂದ ಸಾಲನ್ನು ಓದಿ ನನಗೆ ಅಳು ಬಂತು. ಆದರೂ ನಿಜ ಹೇಳಿಬಿಡಬೇಕು. ಅವತ್ತು ಮಧ್ಯಾಹ್ನವೆಲ್ಲ ಆ ಊರಿನ ಏಕೈಕ ರಸ್ತೆಯಲ್ಲಿ ಹಿಂದೆ ಮುಂದೆ ನಡೆಯುತ್ತ ನಾನು ಯೋಚಿಸಿದ್ದು ಜುಬೇದಾರನ್ನಲ್ಲ, ನನ್ನನ್ನು. ಬಶೀರನ ಮನೆಯ ಕೋಳಿಯ ಸುದ್ದಿ ಆಸ್ಟ್ರೇಲಿಯಾದಲ್ಲಿ ಯಾರಿಗೆ ಗೊತ್ತು? ಸುಮ್ಮನೆ ಭಾಷಣ ಮಾಡಿ ವಿಮಾನ ಹತ್ತಿದರಾಯಿತು. ಬಡ್ತಿ ಕೈಗೆ ಬಂದಮೇಲೆ ಹದಿನೇಳು ಮೆಲ್ಲಗೆ ಸಾಯಲಿ, ತಳಿಗಳು ಸಾಯುವುದಿಲ್ಲವೇ? ದಾರಿಯಲ್ಲಿ ಹೋದ ವಾಹನದವರೆಲ್ಲ ನನಗೆ ಬೆರಳೆತ್ತಿದರು. ಒಬ್ಬರಿಗೂ ನಾನು ತಿರುಗಿ ಬೆರಳೆತ್ತಲಿಲ್ಲ.

ಆ ಬೀಜವನ್ನು ನಂಬಿ ಬಿತ್ತುವವರಲ್ಲಿ ಅವ್ವನಂಥವರೂ ಇರುತ್ತಾರೆ ಎಂಬುದು ಸಂಜೆಯ ಹೊತ್ತಿಗೆ ತಲೆಗೆ ಬಂತು. ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಹೋಗಿ, ಹೊಲ ಹಸನು ಮಾಡಿ, ಎರಡನೇ ವರ್ಷ ಬೀಜ ಸಿಗದೆ ಆಕಾಶ ನೋಡುವವರು. ಮನೆಗೆ ಬಂದು ಬರೆದಿಟ್ಟಿದ್ದ ಭಾಷಣ ಹರಿದುಹಾಕಿದೆ.

ಭಾಷಣ

ಮೂವತ್ತು ಜನ ಇದ್ದರು. ಎಡ್ನಾ ಕೂಡ ಟೊಪ್ಪಿ ಧರಿಸಿ ಬಂದಿದ್ದರು. ಪರದೆಯ ಮೇಲೆ ಹದಿನೇಳರ ಚಿತ್ರ ಬಂದಾಗ ಯಾರೋ ಸಿಳ್ಳೆ ಹಾಕಿದರು. ಅಷ್ಟು ಚೆಂದವಿತ್ತು ಅದು.

"ಈ ಗಿಡ ಬೀಜ ಉದುರಿಸಲಿಲ್ಲ ಅಂತ ಮೂರು ತಿಂಗಳಿಂದ ನಿಮಗೆ ಹೇಳ್ತಾ ಬಂದೆ," ಎಂದೆ. "ಅದು ಉದುರಿಸಿದೆ. ಉದುರಿದ್ದನ್ನ ಕೋಳಿ ತಿಂದವು. ಕೋಳಿ ಇಟ್ಟ ಮೊಟ್ಟೇನ ನಾನು ತಿಂದೆ. ಪೊಟ್ಟಣದಲ್ಲಿ ಅಳೀಬೇಕಾಗಿದ್ದದ್ದು ನನ್ನ ಹೊಟ್ಟೇಲಿತ್ತು."

ಮೊದಲು ಎಡ್ನಾ ನಕ್ಕರು, ಆಮೇಲೆ ಇಡೀ ಕೋಣೆ. ನಾನು ಮಾತ್ರ ಇಂಗು ತಿಂದ ಮಂಗನಂತೆ ನಿಂತಿದ್ದೆ. ನಗು ನಿಂತಮೇಲೆ ಕಾಲಿನ್ ಎದ್ದರು.

"ನಾವು ಕಾಲುಚೀಲ ಕಟ್ಟೋದು ಯಾಕೆ ಅಂತ ನೀವು ಕೇಳಿದ್ರಿ. ಮೊದಲು ನಾವೂ ಬಟ್ಟೆ ಹಾಸ್ತಿದ್ವಿ. ನನ್ನ ಬೀಜ ಇರುವೆಗಳು ಹೊತ್ಕೊಂಡು ಹೋದವು. ನಾನು ಮಾತ್ರ ನಿಮ್ಮ ಥರ ಎದ್ದು ನಿಂತು ಹೇಳಲಿಲ್ಲ. ಹೀಗೇ ಮೆಲ್ಲಗೆ ಅಂಗಡಿಗೆ ಹೋದೆ."

ಈ ಸಲದ ನಗುವಿನಲ್ಲಿ ನಾನೂ ಸೇರಿಕೊಂಡೆ. ಆದರೆ ಬಡ್ತಿ ಹೋದ ದುಃಖ ಹೋಗಿರಲಿಲ್ಲ.

ಯಲಹಂಕ ರಸ್ತೆ

ಡೈರೆಕ್ಟರಿಗೆ ಅಲ್ಲಿಂದಲೇ ತಂತಿ ಕೊಟ್ಟಿದ್ದೆ. ನಾನು ಬಂದು ಸೇರುವ ಹೊತ್ತಿಗೆ ತಳಿಗಳ ಪಟ್ಟಿಯಿಂದ ಹದಿನೇಳನ್ನು ಹೊಡೆದುಹಾಕಿದ್ದರು, ಬಡ್ತಿಯ ಪಟ್ಟಿಯಿಂದ ನನ್ನನ್ನೂ. ಅವರು ಬೈಯಲಿಲ್ಲ. "ಇನ್ನೊಂದ್ ವರ್ಷ ನೋಡ್ರೀ. ಏನೂ ಸಿಗ್ಲಿಲ್ಲ ಅಂದ್ರೆ ಆ ಜಾಗದಲ್ಲಿ ಜೋಳ ಹಾಕೋಣ," ಎಂದರು ಅಷ್ಟೇ.

ಸೀದಾ ಬಶೀರನ ಮನೆಗೆ ಹೋದೆ. ಅಂಗಳ ಬಿಕೋ ಎನ್ನುತ್ತಿತ್ತು. ಬಶೀರ್ ತಲೆ ಎತ್ತಲಿಲ್ಲ.

"ಕೋಳಿ ಯಾಕಪ್ಪಾ ಕೊಟ್ರಿ?" ಎಂದೆ. "ಕಾಳು ಕಂಡ್ರೆ ಕೋಳಿ ಬಿಡುತ್ತಾ? ನೋಡ್ಬೇಕಾಗಿದ್ದೋನು ನಾನು, ನಾನೇ ನೋಡ್ಲಿಲ್ಲ. ತಪ್ಪು ನಂದು ಕಣಯ್ಯಾ."

ಪರದೆ ಸರಿಯಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಜುಬೇದಾ ಹೊರಗೆ ಬಂದು ನಿಂತರು. ತಲೆಯ ಮೇಲೆ ಸೆರಗು, ಕೈಯಲ್ಲಿ ಒಂದು ಎಕ್ಸರ್‌ಸೈಜ್ ಪುಸ್ತಕ.

"ನಿಮ್ನ ನೀವೇ ಬೈಕೋಬೇಡಿ ಸಾಬ್. ನಿಮ್ ಕಾಗ್ದ ಬಂದಾಗಿಂದ ನಾನೇ ಕೂತ್ಕಂಡು ನೋಡ್ದೆ. ಹದಿನೇಳು ಒಂದೇ ಅಲ್ಲ ಸಾಬ್, ಪೂರಾ ಅರವತ್ತು. ಬೆಳಿಗ್ಗೆಯಿಂದ ಸಾಯಂಕಾಲ ತನಕ ಕೋಲ್ ಹಿಡ್ಕಂಡು. ಕೋಳಿ ಬಿಡಿ, ಗುಬ್ಬಚ್ಚಿ ಕೂಡ ಬರಕ್ಕೆ ಬಿಟ್ಟಿಲ್ಲ. ಉದ್ರಿದ್ದೆಲ್ಲಾ ಅಳ್ದಿದೀನಿ. ಕೊನೇಲಿ ತೆನೆ ಕೊಯ್ದು ಬಡ್ದು ಅದ್ನೂ ಅಳ್ದಿದೀನಿ."

ಒಂದು ತಿಂಗಳು, ಆ ಬೇಸಿಗೆಯ ಬಿಸಿಲಿನಲ್ಲಿ. ಪುಸ್ತಕ ಬಿಡಿಸಿದೆ. ಪುಟದ ತುಂಬ ಉರ್ದು ಅಂಕಿಗಳು. ನನಗೆ ಒಂದೂ ಓದಲು ಬರಲಿಲ್ಲ. ನಾನು ಜಗಲಿಯ ಮೇಲೆ ಕೂತು, ಬಶೀರನಿಂದ ಫಾರಂನ ಲೆಕ್ಕದ ಪುಸ್ತಕ ತರಿಸಿಕೊಂಡು, ಜೇಬಿನಿಂದ ಪೆನ್ನು ತೆಗೆದು, "ನೀವ್ ಓದಿ ಅಮ್ಮಾ, ನಾನು ಬರ್ಕೋತೀನಿ," ಎಂದೆ.

ಅವರು ಒಂದೊಂದಾಗಿ ಓದಿದರು. ಮೊದಲು ಉದುರಿದ್ದು, ಆಮೇಲೆ ತೆನೆಯಲ್ಲಿ ಉಳಿದದ್ದು. ಹದಿನೇಳು: ಉದುರಿದ್ದು ಒಂಬತ್ತು ಪೊಟ್ಟಣ, ಉಳಿದದ್ದು ಒಂದು. ಅವರ ದನಿ ಇಳಿಯಿತು. ನಾನು ಬರೆದುಕೊಂಡು "ಮುಂದೆ" ಎಂದೆ. ಇಪ್ಪತ್ತು, ಮೂವತ್ತು, ಎಲ್ಲವೂ ಅದೇ ಕಥೆ.

"ನಲವತ್ತೊಂದು. ಉದ್ರಿದ್ದು ಅರ್ಧ. ಉಳಿದಿದ್ದು ಐದು."

ನಾನು ಪೆನ್ನು ಎತ್ತಿದೆ. ನಲವತ್ತೊಂದು ಮೂಲೆಯಲ್ಲಿದ್ದ ಕುಳ್ಳ ಬುಡ. ಸೊಂಟದೆತ್ತರ, ಸಣ್ಣ ಎಲೆ, ನಾನು ಎರಡು ಸಲ ಕಿತ್ತುಹಾಕಲು ಹೊರಟಿದ್ದೆ. ಅದರ ಪಂಚೆಯ ಮೇಲೂ ಬೀಜ ಬಿದ್ದದ್ದು ಕಡಿಮೆಯೇ; ಕುಳ್ಳ ಬುಡ, ಕಾಳು ಕಟ್ಟಿದ್ದೇ ಅಷ್ಟು ಎಂದು ಬಿಟ್ಟುಬಿಟ್ಟಿದ್ದೆ.

"ಸರಿಯಾಗಿ ನೋಡಿದೀರಾ ಅಮ್ಮಾ?"

"ನಂಗೂ ನಂಬ್ಕೆ ಬರ್ಲಿಲ್ಲ ಸಾಬ್. ಅಳ್ತೆ ಮತ್ತೆ ಮತ್ತೆ ಹಾಕ್ದೆ. ತೆನೆ ಹಿಡ್ದು ಅಲ್ಲಾಡ್ಸಿದೆ ಕೂಡ. ಬಿಡಲ್ಲ ಅಂತದೆ ಅದು."

ಬರೆದುಕೊಂಡೆ. ನಮ್ಮ ಪುಸ್ತಕದಲ್ಲಿ ಬುಡದ ನಂಬರಿಗೆ, ಎತ್ತರಕ್ಕೆ, ತೆಂಡೆಗೆ, ಬೀಜಕ್ಕೆ ಒಂದೊಂದು ಕಾಲಂ ಇತ್ತು. ನೋಡಿದವರ ಹೆಸರಿಗೆ ಇರಲಿಲ್ಲ. ಬಲಗಡೆಯ ಅಂಚಿನಲ್ಲಿ ಮೇಲಿಂದ ಕೆಳಗಿನವರೆಗೆ ಒಂದು ಗೆರೆ ಎಳೆದು, ನಲವತ್ತೊಂದರ ಎದುರಿಗೆ ಜುಬೇದಾ ಬೇಗಂ ಎಂದು ಬರೆದು, ಸರಿಯಾಗಿದೆಯೇ ನೋಡಿ ಎಂದು ಅವರ ಕೈಗೆ ಕೊಟ್ಟೆ.